ವೆಬ್‌ಮೇಲ್ ಪತ್ರಗಳು ಸ್ವಂತ ಗಣಕಕ್ಕೆ: ಪಾಸ್‌ವರ್ಡ್ ಸರಿಯಿದ್ದರೂ ಪ್ರವೇಶವಿಲ್ಲವೇಕೆ?

ಧುಪದಾಳ (ಬೆಳಗಾವಿ ಜಿಲ್ಲೆ): ಹಿಡಕಲ್ ಜಲಾಶಯದಿಂದ ಹರಿದುಬರುವ ಘಟಪ್ರಭೆಯ ನೀರನ್ನು ಧುಪದಾಳದ ಒಡ್ಡು ತಡೆದು ಎಡದಂಡೆ ಕಾಲುವೆಗೆ ತಿರುಗಿಸುತ್ತದೆ. ನೀರು ಸಂಗ್ರಹವಾಗುವ ಸ್ಥಳ ಒಂದು, ಬಳಕೆಯಾಗುವ ಸ್ಥಳ ಇನ್ನೊಂದು. ವೆಬ್‌ಮೇಲ್ ಸಹ ಹೀಗೆಯೇ. ಜಿಮೇಲ್, ಯಾಹೂ ಮೊದಲಾದವುಗಳಿಗೆ ಬರುವ ಪತ್ರಗಳು ದೂರದ ಸರ್ವರ್‌ನಲ್ಲಿರುತ್ತವೆ. ಬ್ರೌಸರ್ ತೆರೆದು ನಾವು ಅವುಗಳನ್ನು ಅಲ್ಲಿಯೇ ನೋಡಿ ಬರುತ್ತೇವೆ. ಸಂಪರ್ಕ ಕಡಿದರೆ ಅಥವಾ ಖಾತೆಗೆ ಬೀಗ ಬಿದ್ದರೆ ಹತ್ತಾರು ವರ್ಷಗಳ ಪತ್ರವ್ಯವಹಾರವೇ ಕೈಗೆ ಸಿಗದು. ಒಂದು ಪ್ರತಿ ಸ್ವಂತ ಗಣಕದಲ್ಲಿಯೂ ಇರಬೇಕೆನ್ನುವವರಿಗೆ ಥಂಡರ್‌ಬರ್ಡ್‌ನಂತಹ ಉಚಿತ ಇ-ಮೇಲ್ ತಂತ್ರಾಂಶ ನೆರವಾಗುತ್ತದೆ.

ತಂತ್ರಾಂಶವನ್ನು ಅಳವಡಿಸಿ ಹೆಸರು ಮತ್ತು ಇ-ಮೇಲ್ ವಿಳಾಸ ನೀಡಿದರೆ, ಪ್ರಮುಖ ಸೇವೆಗಳ ಸರ್ವರ್ ವಿವರಗಳನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಅನೇಕರು ಎಡವುವುದು ಪಾಸ್‌ವರ್ಡ್‌ನಲ್ಲಿ. ಬ್ರೌಸರ್‌ನಲ್ಲಿ ಸ್ವೀಕೃತವಾಗುವ ಅದೇ ಪಾಸ್‌ವರ್ಡ್ ಹಳೆಯ ತಂತ್ರಾಂಶದಲ್ಲಿ ತಿರಸ್ಕೃತವಾಗುತ್ತದೆ. ಬರೀ ಪಾಸ್‌ವರ್ಡ್ ನೀಡಿ ಪ್ರವೇಶಿಸುವ ಪದ್ಧತಿಯನ್ನು ಗೂಗಲ್ ಸಂಸ್ಥೆ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್, ಹಾಟ್‌ಮೇಲ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಂದು ಇದೇ ಹಾದಿ ಹಿಡಿಯಿತು. ಈಗಿನ ಕ್ರಮದ ಹೆಸರು 'ಓಆತ್-2'. ಇದರಲ್ಲಿ ಥಂಡರ್‌ಬರ್ಡ್ ಗೂಗಲ್‌ನ ಪ್ರವೇಶ ಪುಟವನ್ನೇ ತೆರೆದು ತೋರಿಸುತ್ತದೆ. ಪಾಸ್‌ವರ್ಡ್ ಅಲ್ಲಿ ಬರೆಯಬೇಕು. ತಂತ್ರಾಂಶಕ್ಕೆ ದೊರೆಯುವುದು ಅನುಮತಿ ಚೀಟಿ ಮಾತ್ರ. ಗಣಕ ಕಳುವಾದರೆ ಆ ಚೀಟಿಯನ್ನು ಖಾತೆಯ ಭದ್ರತಾ ಪುಟದಿಂದ ರದ್ದುಪಡಿಸಬಹುದು. ಈ ಕ್ರಮವನ್ನು ಅರಿಯದ ತಂತ್ರಾಂಶಗಳಿಗೆ ಜಿಮೇಲ್ ಮತ್ತು ಯಾಹೂಗಳಲ್ಲಿ ಪ್ರತ್ಯೇಕ 'ಆ್ಯಪ್ ಪಾಸ್‌ವರ್ಡ್' ಪಡೆಯುವ ಅವಕಾಶವಿದೆ. ಜಿಮೇಲ್‌ನಲ್ಲಿ ಇದು 16 ಅಕ್ಷರಗಳದು. ಮೊದಲು ಎರಡು ಹಂತದ ದೃಢೀಕರಣವನ್ನು ಚಾಲನೆಗೊಳಿಸಿರಬೇಕು.

ಇನ್ನು ಆಯ್ಕೆಯ ಪ್ರಶ್ನೆ: ಐಮ್ಯಾಪ್ ಅಥವಾ ಪಾಪ್? ಪಾಪ್ ಎಂದರೆ ಪತ್ರಗಳನ್ನು ಮನೆಯ ತೊಟ್ಟಿಗೆ ತುಂಬಿಕೊಳ್ಳುವುದು. ಸರ್ವರ್‌ನಲ್ಲಿ ಪ್ರತಿ ಉಳಿಸುವ ಸೂಚನೆ ಇಲ್ಲದಿದ್ದರೆ ಅಲ್ಲಿಂದ ಅವು ಅಳಿದುಹೋಗಿ, ಮೊಬೈಲ್‌ನಲ್ಲಿ ಅಂಚೆಪೆಟ್ಟಿಗೆ ಬರಿದಾಗಿ ಕಾಣುವುದುಂಟು. ಐಮ್ಯಾಪ್‌ನಲ್ಲಿ ಗಣಕ, ಮೊಬೈಲ್, ಬ್ರೌಸರ್ ಮೂರರಲ್ಲೂ ಒಂದೇ ಚಿತ್ರ. ಮೊಬೈಲನ್ನೂ ಬಳಸುವವರಿಗೆ ಐಮ್ಯಾಪ್ ಲೇಸು. (ತಾವೇ ವಿವರ ತುಂಬಬೇಕಾದಲ್ಲಿ ಜಿಮೇಲ್‌ನ ಐಮ್ಯಾಪ್ ಪೋರ್ಟ್ 993, ಕಳುಹಿಸುವ ಎಸ್‌ಎಂಟಿಪಿ ಪೋರ್ಟ್ 465 ಅಥವಾ 587.)

ಆದರೆ ಐಮ್ಯಾಪ್ ಇದ್ದ ಮಾತ್ರಕ್ಕೆ ಪತ್ರಗಳು ಸುರಕ್ಷಿತವೆಂದು ನಂಬುವಂತಿಲ್ಲ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುವ ಜಾಗ ತುಂಬಿದಾಗ ಹೊಸ ಪತ್ರಗಳು ಬರುವುದೇ ನಿಲ್ಲುತ್ತದೆ. ಆಗ ಗಾಬರಿಯಿಂದ ಹಳೆಯದನ್ನೆಲ್ಲ ಅಳಿಸುವ ಮುನ್ನ, ಥಂಡರ್‌ಬರ್ಡ್‌ನ 'ಲೋಕಲ್ ಫೋಲ್ಡರ್ಸ್' ಅಡಿಯಲ್ಲಿ ಹೊಸ ಕೋಶವೊಂದನ್ನು ರಚಿಸಿ, ಬೇಕಾದ ಪತ್ರಗಳನ್ನು ಅಲ್ಲಿಗೆ ನಕಲು ಮಾಡಬೇಕು. ಸಂಪರ್ಕ ಕಡಿತಗೊಳಿಸಿ, ಕೆಲವನ್ನು ಲಗತ್ತುಗಳ ಸಹಿತ ತೆರೆದು ಪರೀಕ್ಷಿಸಬೇಕು. ಅನಂತರವೇ ಸರ್ವರ್‌ನಿಂದ ಅಳಿಸಬೇಕು. ಜಮೀನಿನ ಕಾಗದ, ಅಂಕಪಟ್ಟಿ, ವಿಮೆಯ ರಸೀದಿಗಳೆಲ್ಲ ಇ-ಮೇಲ್‌ನಲ್ಲಿಯೇ ಉಳಿದಿರುವ ಕುಟುಂಬಗಳಿಗೆ ಈ ಅರ್ಧ ಗಂಟೆಯ ಶ್ರಮ ದುಬಾರಿಯಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನೂ ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ.

ಕನ್ನಡಿಗರಿಗೆ ಇನ್ನೊಂದು ತೊಡಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬರೆದ ಪತ್ರಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುತ್ತವೆ. ಪತ್ರ ಕೆಟ್ಟಿದೆಯೆಂದು ಅಳಿಸಬಾರದು. ಪರಿವರ್ತಕದಿಂದ ಯೂನಿಕೋಡ್‌ಗೆ ತಂದರೆ ಓದಬಹುದು.

ಕಚೇರಿಯ ಅಥವಾ ಸೈಬರ್ ಕೇಂದ್ರದ ಗಣಕದಲ್ಲಿ ಮಾತ್ರ ಇದಾವುದನ್ನೂ ಮಾಡತಕ್ಕದ್ದಲ್ಲ. ಇಳಿಸಿಕೊಂಡ ಪತ್ರಗಳು ಸಾಧಾರಣ ಕಡತಗಳಾಗಿ ಅಲ್ಲಿಯೇ ಉಳಿಯುವುದರಿಂದ, ಅನಂತರ ಕುಳಿತವರೂ ಅವನ್ನು ಓದಬಲ್ಲರು.