ಕಾಗಿಣಾ: ಅನಂತಗಿರಿಯಿಂದ ಹೊನಗುಂಟಾ ತನಕ ಒಂದು ನದಿಯ ಲೆಕ್ಕ

ವಾಡಿ ಜಂಕ್ಷನ್‌ನಲ್ಲಿ ಹೈದರಾಬಾದ್ ಕಡೆಯ ರೈಲು ಹತ್ತಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಗುಂಟಾ, ಆಮೇಲೆ ಗಡಿ ದಾಟಿ ತಾಂಡೂರು, ವಿಕಾರಾಬಾದ್. ಇಂಟರ್‌ವ್ಯೂ, ಇಂಟರ್ನ್‌ಶಿಪ್ ಅಂತ ನಮ್ಮಲ್ಲಿ ಎಷ್ಟೋ ಮಂದಿ ಈ ದಾರಿಯಲ್ಲಿ ಓಡಾಡಿದ್ದೇವೆ. ಕಿಟಕಿಯಾಚೆ ಕಂಡದ್ದು ಏನು ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಸಿಮೆಂಟ್ ಫ್ಯಾಕ್ಟರಿ ಚಿಮಣಿ, ತೊಗರಿ ಹೊಲ, ಫರಶಿ ಕಲ್ಲಿನ ರಾಶಿ. ನದಿ ಅಂತ ಯಾರೂ ಹೇಳಲ್ಲ.

ಆದರೆ ಈ ರೈಲು ಹೆಚ್ಚುಕಡಿಮೆ ಒಂದು ನದಿಯ ಕಣಿವೆ ಹಿಡಿದೇ ಮೇಲಕ್ಕೆ ಹೋಗುತ್ತದೆ. ಸಿಕಂದರಾಬಾದ್‌ನಿಂದ ವಾಡಿಗೆ 1874ರಲ್ಲಿ ನಿಜಾಮರ ಕಾಲದಲ್ಲಿ ಹಳಿ ಬಿತ್ತು. ಹಳಿ ಪೂರ್ವಕ್ಕೆ ಏರುತ್ತದೆ, ನದಿ ಪಶ್ಚಿಮಕ್ಕೆ ಇಳಿಯುತ್ತದೆ. ಆ ನದಿಯೇ ಕಾಗಿಣಾ. ಗಡಿಯಾಚೆ ತೆಲುಗಿನವರ ಬಾಯಲ್ಲಿ ಕಾಗ್ನಾ.

ಈ ಸಲ ನಮ್ಮ ಪತ್ರಿಕೆಗೆ ನಮ್ಮದೇ ಊರುಗಳ ನದಿ ಬಗ್ಗೆ ಬರೆಯೋಣ ಅಂತ ಕೂತೆವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲ ಕಡೆಯ ಹುಡುಗರು, ಹುಡುಗಿಯರು ನಮ್ಮ ಬಳಗದಲ್ಲಿದ್ದೇವೆ. ಬರೆಯಲು ಕೂತಾಗ ಗೊತ್ತಾದದ್ದು, ಕಾವೇರಿ ನೀರಿನ ಲೆಕ್ಕ ನಮಗೆ ಬಾಯಿಪಾಠ ಬರುತ್ತದೆ, ಮನೆ ಮುಂದಿನ ಕಾಗಿಣಾ ಎಲ್ಲಿ ಹುಟ್ಟುತ್ತದೆ ಅಂತ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಒಂದು ಬೆಟ್ಟ, ಎರಡು ನದಿ

ವಿಕಾರಾಬಾದ್ ಹತ್ತಿರ ಅನಂತಗಿರಿ ಬೆಟ್ಟಗಳಿವೆ. ಸಹ್ಯಾದ್ರಿಯಂಥ ದೊಡ್ಡ ಬೆಟ್ಟವಲ್ಲ, ಆದರೆ ನೀರಿನ ದಾರಿ ತೀರ್ಮಾನಿಸುವಷ್ಟು ದೊಡ್ಡದು. ಪೂರ್ವದ ಇಳಿಜಾರಿಗೆ ಬಿದ್ದ ಮಳೆ ಮೂಸಿಯಾಗಿ ಹೈದರಾಬಾದ್‌ಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕಾಗಿಣಾ ಆಗಿ ತಾಂಡೂರು ದಾಟಿ ನಮ್ಮ ಸೇಡಂ ತಾಲೂಕಿಗೆ ಬರುತ್ತದೆ. ಮಳಖೇಡದ ಕೋಟೆ ಗೋಡೆ ಸವರಿಕೊಂಡು, ಚಿತ್ತಾಪುರ ಸೀಮೆ ದಾಟಿ, ಶಹಾಬಾದ್ ಬಳಿಯ ಹೊನಗುಂಟಾದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಕೃಷ್ಣೆಗೆ. ಅತ್ತ ಮೂಸಿಯೂ ನಲ್ಗೊಂಡ ಕಡೆ ವಾಡಪಲ್ಲಿಯಲ್ಲಿ ಕೃಷ್ಣೆಗೇ. ಒಂದೇ ಬೆಟ್ಟದ ಮೇಲೆ ಬೆನ್ನು ತಿರುಗಿಸಿ ಹೊರಟ ಎರಡು ಹನಿಗಳು ನೂರಾರು ಕಿಲೋಮೀಟರ್ ಸುತ್ತಿ ಮತ್ತೆ ಒಂದೇ ನದಿಯಲ್ಲಿ ಕೂಡುತ್ತವೆ.

ದಾರಿಯಲ್ಲಿ ಕಾಗಿಣಾಕ್ಕೆ ಎರಡು ದೊಡ್ಡ ಕೈ ಸೇರುತ್ತವೆ. ಬೀದರ್ ಜಿಲ್ಲೆಯಿಂದ ಇಳಿದು ಚಿಂಚೋಳಿ ಮೇಲೆ ಬರುವ ಮುಲ್ಲಾಮಾರಿ ಒಂದು. ಬೆಣ್ಣೆತೊರೆ ಇನ್ನೊಂದು. ಮುಲ್ಲಾಮಾರಿಗೆ ನಾಗರಾಳದಲ್ಲಿ, ಬೆಣ್ಣೆತೊರೆಗೆ ಹೇರೂರಿನಲ್ಲಿ ಅಣೆಕಟ್ಟು ಇದೆ.

1956ರ ನವೆಂಬರ್ 1ಕ್ಕೆ ಮೊದಲು ಈ ನದಿ ಯಾವ ರಾಜ್ಯದ ಗಡಿಯನ್ನೂ ದಾಟುತ್ತಿರಲಿಲ್ಲ. ಹುಟ್ಟಿನಿಂದ ಸಂಗಮದ ತನಕ ಎಲ್ಲವೂ ಹೈದರಾಬಾದ್ ಸಂಸ್ಥಾನ, ಆಮೇಲೆ ಹೈದರಾಬಾದ್ ರಾಜ್ಯ. ತಾಂಡೂರು ಆಗ ಗುಲ್ಬರ್ಗಾ ಜಿಲ್ಲೆಯದ್ದೇ ತಾಲೂಕು! ರಾಜ್ಯಗಳ ಪುನರ್ವಿಂಗಡಣೆಯಾದಾಗ ತಾಂಡೂರು ಮತ್ತು ಕೊಡಂಗಲ್ ಎರಡನ್ನೂ ಆಂಧ್ರಕ್ಕೆ ಬಿಟ್ಟು ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 2014ರಲ್ಲಿ ಆಚೆ ದಡದ ಹೆಸರು ತೆಲಂಗಾಣ ಆಯಿತು. ನದಿ ಮಾತ್ರ ಹಳೆಯದೇ. ಮಣ್ಣೂ ಹಳೆಯದೇ: ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ತಾಂಡೂರು ತೊಗರಿಗೆ 2022ರಲ್ಲಿ. ಒಂದೇ ಕಣಿವೆಯ ಕಾಳಿಗೆ ಎರಡು ಸರ್ಟಿಫಿಕೇಟ್.

ಕಲ್ಲು ಹೇಳುವ ಕಥೆ

ಸಿವಿಲ್‌ನವರಿಗೆ ಇದು ಇಷ್ಟವಾಗಬಹುದು. ಬೆಟ್ಟದ ನೆತ್ತಿಯಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ದಖ್ಖನ್ ಜ್ವಾಲಾಮುಖಿಯ ಕಪ್ಪು ಕಲ್ಲು, ಇನ್ನೂ ಕೆಳಗೆ ಸುಣ್ಣದ ಕಲ್ಲು. ಜಂಬಿಟ್ಟಿಗೆ ಸ್ಪಂಜಿನಂತೆ ರಂಧ್ರಮಯ. ಮಳೆಗಾಲದಲ್ಲಿ ಕುಡಿದ ನೀರನ್ನು ಹಿಡಿದಿಟ್ಟು, ಕೆಳಗಿನ ಗಟ್ಟಿ ಪದರ ಸಿಕ್ಕಲ್ಲಿ ಪಕ್ಕಕ್ಕೆ ಜಿನುಗಿಸುತ್ತದೆ. ಬೀದರಿನ ನೌಬಾದ್ ಕಾರೇಜ್ ನೋಡಿದವರಿಗೆ ಇದು ಗೊತ್ತು. ಬಹಮನಿ ಕಾಲದವರು ಈ ಎರಡು ಕಲ್ಲಿನ ನಡುವಿನ ನೀರನ್ನೇ ಸುರಂಗ ತೋಡಿ ಊರಿಗೆ ತಂದರು. ಚಿಂಚೋಳಿಯ ಕಾಡಿನ ತೊರೆಗಳು ಮಳೆ ನಿಂತ ಮೇಲೂ ಒಂದಷ್ಟು ದಿನ ಹರಿಯುವುದಕ್ಕೆ ಈ ಕೆಂಪು ಕಲ್ಲು, ಅದರ ಮೇಲಿನ ಮರ, ಎಲೆಗೊಬ್ಬರ ಎಲ್ಲ ಸೇರಿ ಕಾರಣ.

ಕೆಳಗೆ ಬಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಪೂರ್ತಿ ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಇದನ್ನು ಭೀಮಾ ಬೇಸಿನ್ ಅನ್ನುತ್ತಾರೆ. ಒಳಗಿನ ಪದರಗಳಿಗೆ ಸೇಡಂ, ಶಹಾಬಾದ್ ಅಂತ ನಮ್ಮ ಊರಿನ ಹೆಸರುಗಳೇ ಇವೆ. ದೇಶದ ತುಂಬ ಮನೆ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಇದೇ, ಸಿಮೆಂಟ್ ಭಟ್ಟಿಗೆ ಹೋಗುವುದೂ ಇದೇ. ಹಾಸ್ಟೆಲ್ ಬಕೆಟ್‌ನಲ್ಲಿ ಕಾಯಿಲ್ ಹೀಟರ್ ಇಟ್ಟರೆ ತಿಂಗಳಲ್ಲೇ ಬಿಳಿ ಪೊರೆ ಕಟ್ಟುತ್ತದಲ್ಲ, ಅದೂ ಇದೇ! ಮಳೆನೀರು ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಆಮ್ಲೀಯವಾಗುತ್ತದೆ, ಸುಣ್ಣದ ಕಲ್ಲನ್ನು ಕ್ಯಾಲ್ಸಿಯಂ ಬೈಕಾರ್ಬನೇಟ್ ಆಗಿ ಕರಗಿಸುತ್ತದೆ, ಕಾಯಿಸಿದಾಗ ಅದು ಮತ್ತೆ ಕಾರ್ಬನೇಟ್ ಆಗಿ ಕೂರುತ್ತದೆ. ಫಸ್ಟ್ ಸೆಮ್ ಕೆಮಿಸ್ಟ್ರಿಯ ಗಡಸು ನೀರಿನ ಪಾಠ ನಮ್ಮ ಬಕೆಟ್‌ನಲ್ಲೇ ನಡೀತಿದೆ.

ಆದರೆ ಇದರಲ್ಲಿ ಒಂದು ಎಚ್ಚರಿಕೆಯೂ ಇದೆ. ಸುಣ್ಣದ ಕಲ್ಲಿನಲ್ಲಿ ನೀರು ಸೀಳು, ಬಿರುಕು, ಟೊಳ್ಳುಗಳ ಮೂಲಕ ಓಡುತ್ತದೆ. ಮರಳಿನ ಪದರದಲ್ಲಿ ಸೋಸಿ ಶುದ್ಧವಾಗುವಂತೆ ಇಲ್ಲಿ ಆಗುವುದಿಲ್ಲ. ಹಾಗಾಗಿ ಹಳೆಯ ಖಣಿಯೊಳಗೆ ಕಸ ಸುರಿದರೆ ಅದು ಖಣಿಯಲ್ಲೇ ಉಳಿಯುತ್ತದೆ ಅಂತ ತಿಳಿಯುವುದು ತಪ್ಪು. ಅದರ ರಸ ಪಕ್ಕದೂರಿನ ಬೋರ್‌ವೆಲ್‌ನಲ್ಲಿ ಕಾಣಿಸಿಕೊಳ್ಳಬಹುದು.

ಮಳಖೇಡಕ್ಕೆ ನೀರು ನುಗ್ಗುವುದು ಯಾಕೆ?

ಮಳಖೇಡ ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಆಳಿದ ಊರು. ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿ, ಗೋದಾವರಿ ಎಂಬ ಎರಡು ನದಿಗಳಿಂದ ಹೇಳಿದ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ, ಈ ಕಾಗಿಣಾ ದಂಡೆಯಲ್ಲಿ. ಜಯತೀರ್ಥರ ಬೃಂದಾವನವೂ ಇದೇ ದಂಡೆಯಲ್ಲಿದೆ. ಮಳೆಗಾಲದಲ್ಲಿ ಟಿವಿಯಲ್ಲಿ ಮಳಖೇಡದ ಹೆಸರು ಬಂದರೆ ಹೆಚ್ಚಾಗಿ ಒಂದೇ ಸುದ್ದಿ: ಸೇತುವೆ ಮುಳುಗಿದೆ, ಮಠಕ್ಕೆ ನೀರು ನುಗ್ಗಿದೆ.

2020ರ ಅಕ್ಟೋಬರ್ ಮಧ್ಯದ ಮಳೆ ನೆನಪಿದೆಯಾ? ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ 13ರಂದು ಆಂಧ್ರ ಕರಾವಳಿ ದಾಟಿ ತೆಲಂಗಾಣದ ಮೇಲಿಂದ ನಮ್ಮ ಕಡೆ ಬಂತು. ಅನಂತಗಿರಿಯ ಪೂರ್ವಕ್ಕೆ ಹೈದರಾಬಾದ್ ಮುಳುಗಿತು, ಪಶ್ಚಿಮಕ್ಕೆ ಕಾಗಿಣಾ ಉಕ್ಕಿತು. ಒಂದೇ ಮೋಡ, ಒಂದೇ ಬೆಟ್ಟ. ದೇಶಕ್ಕೆಲ್ಲ ಕಂಡದ್ದು ಮೊದಲನೆಯದು. ಎರಡನೆಯದನ್ನು ನಮ್ಮ ಗೆಳೆಯರ ಮನೆಯವರು ಪಾತ್ರೆ-ಪಗಡೆ, ಜೋಳದ ಚೀಲ ಮಾಳಿಗೆ ಏರಿಸುತ್ತ ಕಂಡರು.

ಇದರ ಹಿಂದಿನ ಹೈಡ್ರಾಲಜಿ ಕಷ್ಟದ್ದೇನಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಮೊದಲ ಮಳೆಯನ್ನು ಗಟಗಟ ಕುಡಿಯುತ್ತದೆ. ಒದ್ದೆಯಾದ ಮೇಲೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ಮಳೆಯ ಬಹುಪಾಲು ಮೇಲೆಯೇ ಹರಿಯುತ್ತದೆ. ಅಕ್ಟೋಬರ್ ಹೊತ್ತಿಗೆ ಮಣ್ಣು ಹೊಟ್ಟೆ ತುಂಬಿಕೊಂಡಿರುತ್ತದೆ, ಕೆರೆ, ಜಲಾಶಯ ತುಂಬಿರುತ್ತವೆ. ಅದಕ್ಕೇ ಜೂನ್ ಮಳೆಗಿಂತ ಅಷ್ಟೇ ಪ್ರಮಾಣದ ಅಕ್ಟೋಬರ್ ಮಳೆ ಹೆಚ್ಚು ಅಪಾಯ. ಇನ್ನೊಂದು ಕಾರಣ ಹೊನಗುಂಟಾದಲ್ಲಿದೆ. ಮಹಾರಾಷ್ಟ್ರದಿಂದ ನೀರು ಬಂದು ಭೀಮೆ ಎತ್ತರವಾಗಿದ್ದರೆ ಕಾಗಿಣಾದ ನೀರಿಗೆ ಬಾಗಿಲು ಮುಚ್ಚಿದಂತೆ. ಮುಂದೆ ಹೋಗಲಾಗದೆ ಹಿಂದಕ್ಕೆ ಏರುತ್ತದೆ. ಅಂದರೆ ನಮ್ಮ ಪ್ರವಾಹ ಎರಡು ರಾಜ್ಯದ್ದಲ್ಲ, ಮೂರು ರಾಜ್ಯದ್ದು.

1908ರ ಸೆಪ್ಟೆಂಬರ್‌ನಲ್ಲಿ ಮೂಸಿ ಉಕ್ಕಿ ಹೈದರಾಬಾದ್‌ನಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದವು. ಊರಿನೊಳಗೆ ಗೋಡೆ ಕಟ್ಟಿದರೆ ಸಾಲದು, ನೀರನ್ನು ಮೇಲೆಯೇ ತಡೆಯಬೇಕು ಅನ್ನುವುದು ಅವರ ಲೆಕ್ಕ. ಪೂರ್ವದ ಇಳಿಜಾರಿಗೆ ನೂರು ವರ್ಷದ ಹಿಂದೆ ಸಿಕ್ಕ ಆ ಲೆಕ್ಕ ಪಶ್ಚಿಮದ ಇಳಿಜಾರಿಗೆ ಇನ್ನೂ ಸಿಗಬೇಕಿದೆ. ಅಣೆಕಟ್ಟೇ ಕಟ್ಟಬೇಕು ಅಂತ ನಾವು ಹೇಳುತ್ತಿಲ್ಲ. ವಿಕಾರಾಬಾದ್‌ನಲ್ಲಿ ರಾತ್ರಿ ಬಿದ್ದ ಮಳೆಯ ಸುದ್ದಿ ನೀರಿಗಿಂತ ಮೊದಲು ಮಳಖೇಡ ಮುಟ್ಟಿದರೆ ಎಷ್ಟೋ ಬದುಕು ಉಳಿಯುತ್ತದೆ. ಕೇಂದ್ರ ಜಲ ಆಯೋಗದ ಅಳತೆ ಕೇಂದ್ರ ಮಳಖೇಡದಲ್ಲಿದೆ. ಆದರೆ ಮಳಖೇಡದಲ್ಲಿ ನೀರು ಏರಿದ್ದು ಮಳಖೇಡಕ್ಕೆ ಎಚ್ಚರಿಕೆ ಆಗಲ್ಲ, ಸುದ್ದಿ ಮೇಲಿನಿಂದಲೇ ಬರಬೇಕು.

ಒಂದು ಬ್ರಾಸ್ ಮರಳು, ಎಷ್ಟು ನೀರು?

ಮಳೆಗಾಲ ಮುಗಿದು ಬೇಸಿಗೆಗೆ ಬಂದರೆ ಇದೇ ನದಿ ಕ್ರಿಕೆಟ್ ಮೈದಾನ. ನಮ್ಮ ಹಿರಿಯರು ಹೇಳುವುದು, ಆಗಲೂ ನದಿ ಒಣಗಿರುತ್ತಿರಲಿಲ್ಲ, ನೀರು ಕೆಳಗೆ ಹೋಗಿರುತ್ತಿತ್ತು ಅಷ್ಟೆ. ಮರಳಲ್ಲಿ ಒರತೆ ತೋಡಿದರೆ ಕೊಡ ತುಂಬುತ್ತಿತ್ತು.

ಲೆಕ್ಕ ಹಾಕೋಣ ಬರ್ರಿ. ನಮ್ಮ ಕಡೆ ಮರಳು ಅಳೆಯುವುದು ಬ್ರಾಸ್‌ನಲ್ಲಿ. ಒಂದು ಬ್ರಾಸ್ ಅಂದರೆ 100 ಘನ ಅಡಿ, ಸುಮಾರು 2.83 ಘನ ಮೀಟರ್. ನದಿ ಮರಳಿನಲ್ಲಿ ಖಾಲಿ ಜಾಗ ಶೇ. 30 ಅಂತ ಹಿಡಿದರೂ ಒಂದು ಬ್ರಾಸ್ ಮರಳು ಸುಮಾರು 850 ಲೀಟರ್ ನೀರು ಹಿಡಿಯುತ್ತದೆ. ಎಲ್ಲವೂ ಬಸಿದು ಕೈಗೆ ಸಿಗಲ್ಲ. ಶೇ. 20 ಮಾತ್ರ ಸಿಗುತ್ತದೆ ಅಂದುಕೊಂಡರೂ 560 ಲೀಟರ್. ಅದೂ ಒಂದು ಸಲಕ್ಕಲ್ಲ, ಪ್ರತಿ ಮಳೆಗಾಲದಲ್ಲೂ ತುಂಬಿಕೊಳ್ಳುವ ಟ್ಯಾಂಕು. ಆವಿಯಾಗಿ ಹೋಗುವುದೂ ಕಡಿಮೆ. ಪ್ರತಿ ಟಿಪ್ಪರ್ ಮರಳಿನ ಜೊತೆ ನದಿಯಿಂದ ಈ ಟ್ಯಾಂಕೂ ಹೊರಗೆ ಹೋಗುತ್ತದೆ. ಪಾತ್ರ ಆಳವಾದಂತೆ ದಂಡೆಯ ಬಾವಿಗಳ ನೀರೂ ಕೆಳಗೆ ಇಳಿಯುತ್ತದೆ, ಸೇತುವೆ ಕಂಬದ ಬುಡವೂ ಬಯಲಾಗುತ್ತದೆ. 2016ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಮರಳು ಗಣಿಗಾರಿಕೆಗೆ ಮಾರ್ಗಸೂಚಿ ತಂದಿತು. ಅದರ ತಿರುಳು ಸರಳ: ಮಳೆಗಾಲ ತಂದು ಹಾಕುವಷ್ಟನ್ನೇ ತೆಗೆಯಬೇಕು. ಅದಕ್ಕೆ ಮೊದಲು ನದಿ ಎಷ್ಟು ತಂದು ಹಾಕುತ್ತದೆ ಅಂತ ಯಾರಾದರೂ ಅಳೆಯಬೇಕಲ್ಲ?

ನೀರಿನ ಗುಣಮಟ್ಟದ ಮಾತೂ ಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿತು. ಕರ್ನಾಟಕದ 17ರಲ್ಲಿ ಕಾಗಿಣಾವೂ ಇತ್ತು, ಶಹಾಬಾದ್‌ನಿಂದ ಹೊನಗುಂಟಾ ಕಡೆಯ ಭಾಗ. ಪಟ್ಟಿಗೆ ಸೇರುವ ಅಳತೆಗೋಲು ಬಿಒಡಿ, ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಸೇರಿದಂತೆ. ಬಿಒಡಿ ಏರಲು ದೊಡ್ಡ ವಿಷವೇ ಬೇಕಾಗಿಲ್ಲ. ನಮ್ಮ ನಮ್ಮ ಊರಿನ ಗಟಾರದ ನೀರು ಹಾಗೇ ಹೋಗಿ ಬಿದ್ದರೆ ಸಾಕು.

ಕಾಡು ಉಳಿದರೆ ನದಿ

ಚಿಂಚೋಳಿಯ ಕುಂಚಾವರಂ ಕಾಡು ತೆಲಂಗಾಣ ಗಡಿಗೆ ಅಂಟಿಕೊಂಡಿದೆ. ಸುಮಾರು 135 ಚದರ ಕಿಲೋಮೀಟರ್ ಪ್ರದೇಶವನ್ನು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮ ಎಂದು ಘೋಷಿಸಿದರು. ಒಳಗೆ ಚಂದ್ರಂಪಳ್ಳಿ ಜಲಾಶಯವಿದೆ, ಎತ್ತಿಪೋತ ಜಲಪಾತವಿದೆ, ಲಂಬಾಣಿ ತಾಂಡಾಗಳೂ ಇವೆ. ಬಿಸಿಲ ನಾಡಿನಲ್ಲಿ ಇಂಥ ಕಾಡು ಇರುವುದೇ ದೊಡ್ಡದು. ಆದರೆ ಕಾಡು ಉಳಿಸುವ ಮಾತು ಬಂದಾಗಲೆಲ್ಲ ತಾಂಡಾದವರು ಎಲ್ಲಿ ಹೋಗಬೇಕು ಅನ್ನುವ ಪ್ರಶ್ನೆಯೂ ಎದ್ದೇಳುತ್ತದೆ. ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬರೆದ ಯಾವ ಸಂರಕ್ಷಣಾ ಯೋಜನೆಯೂ ಕಾಗದದಲ್ಲೇ ಉಳಿಯುತ್ತದೆ ಅಂತ ನಮಗನಿಸುತ್ತದೆ.

ಗಡಿಯಾಚೆಯೂ ನಿಶ್ಚಿಂತೆ ಇಲ್ಲ. ವಿಕಾರಾಬಾದ್ ಜಿಲ್ಲೆಯ ದಾಮಗುಂಡಂ ಕಾಡಿನಲ್ಲಿ ನೌಕಾಪಡೆಯ ರೇಡಿಯೋ ಕೇಂದ್ರಕ್ಕೆ 2024ರ ಅಕ್ಟೋಬರ್‌ನಲ್ಲಿ ಅಡಿಗಲ್ಲು ಬಿತ್ತು. ಸುಮಾರು 2,900 ಎಕರೆ ಅರಣ್ಯದ ವಿಷಯ. ಮೂಸಿಯ ಮೂಲಕ್ಕೆ ಏನಾಗುತ್ತದೋ ಅಂತ ಅಲ್ಲಿನ ಪರಿಸರ ಕಾರ್ಯಕರ್ತರು ಕೇಳಿದರು. ದೇಶದ ರಕ್ಷಣೆ ಬೇಡ ಅನ್ನುವವರು ಯಾರೂ ಇಲ್ಲ. ಆದರೆ ಆ ಸೀಮೆಯ ಕಾಡಿನ ಲೆಕ್ಕದಲ್ಲಿ ನಮ್ಮ ಪಾಲೂ ಇದೆ ಅಂತ ಈ ಕಡೆ ಯಾರೂ ಕೇಳಲೇ ಇಲ್ಲ.

ನೀರಿನ ಹಂಚಿಕೆಗೆ ಅಂತರರಾಜ್ಯ ಲೆಕ್ಕ ಇದೆ. ಕೃಷ್ಣಾ ನ್ಯಾಯಮಂಡಳಿಯ ಕಾಗದದಲ್ಲಿ ಕಾಗಿಣಾ ‘ಕೆ-6, ಕೆಳ ಭೀಮಾ’ ಉಪಕಣಿವೆಗೆ ಸೇರಿದ್ದು, ಮೂಸಿ ‘ಕೆ-10’. ಎಷ್ಟು ಟಿಎಂಸಿ ಯಾರಿಗೆ ಅನ್ನುವುದಕ್ಕೆ ವಕೀಲರಿದ್ದಾರೆ. ಮರಳು, ಕಾಡು, ಕೊಳಚೆ, ಎಚ್ಚರಿಕೆಯ ಸಂದೇಶ, ಇವುಗಳನ್ನು ಟಿಎಂಸಿಯಲ್ಲಿ ಅಳೆಯಲು ಆಗುವುದಿಲ್ಲ, ಹಾಗಾಗಿ ಇವಕ್ಕೆ ವಾದಿಸುವವರೂ ಇಲ್ಲ.

ಹಂಗಾದ್ರ ನಾವೇನ್ ಮಾಡೋಣ?

ಪ್ರತಿ ವರ್ಷ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಟಾಪಿಕ್ ಇಲ್ಲ ಅಂತ ಒದ್ದಾಡುತ್ತೇವೆ. ಇಲ್ಲಿ ಸಾಲು ಸಾಲು ಇವೆ. ಸಿವಿಲ್‌ನವರು ಒಂದೇ ಜಾಗದ ಪಾತ್ರದ ಅಡ್ಡಕೊಯ್ತವನ್ನು ಮಳೆಗಾಲದ ಮುಂಚೆ, ಆಮೇಲೆ ಎರಡು ಸಲ ಸರ್ವೇ ಮಾಡಿದರೆ ಮರಳು ಎಷ್ಟು ಬಂತು, ಎಷ್ಟು ಹೋಯಿತು ಗೊತ್ತಾಗುತ್ತದೆ. ಎಲೆಕ್ಟ್ರಾನಿಕ್ಸ್‌ನವರು ಸೇತುವೆಗೆ ಅಲ್ಟ್ರಾಸಾನಿಕ್ ಸೆನ್ಸರ್ ಕಟ್ಟಿ ನೀರಿನ ಮಟ್ಟ ಕಳಿಸಬಹುದು. ಕಂಪ್ಯೂಟರ್‌ನವರು ತಾಂಡೂರು, ವಿಕಾರಾಬಾದ್‌ನ ಮಳೆ ಅಂಕಿಗಳನ್ನು ಮಳಖೇಡದ ಮಟ್ಟದ ಜೊತೆ ಕೂಡಿಸಿ, ಎಷ್ಟು ತಾಸಿಗೆ ನೀರು ಬರುತ್ತದೆ ಅಂತ ಹೇಳುವ ಮಾಡೆಲ್ ಮಾಡಬಹುದು. ಸಂದೇಶ ಕನ್ನಡದಲ್ಲಿ, ತೆಲುಗಿನಲ್ಲಿ, ಲಂಬಾಣಿಯಲ್ಲಿ ಹೋಗಲಿ. ಗಡಿಯಾಚೆಯ ಕಾಲೇಜಿನವರನ್ನೂ ಕೂಡಿಸಿಕೊಂಡರೆ ಇನ್ನೂ ಚೆನ್ನ.

ನಮ್ಮ ಬಳಗದಿಂದ ಈ ವರ್ಷ ಒಂದು ಸಣ್ಣ ಕೆಲಸ ಹಿಡಿದಿದ್ದೇವೆ. ನಮ್ಮ ನಮ್ಮ ಊರಿನಲ್ಲಿ ನದಿ ದಂಡೆಗೆ ಹತ್ತಿರದ ಒಂದು ಬಾವಿ ಆರಿಸಿಕೊಂಡು, ತಿಂಗಳಿಗೊಮ್ಮೆ ಹಗ್ಗ ಬಿಟ್ಟು ನೀರಿನ ಆಳ ಅಳೆದು ಒಂದೇ ಶೀಟ್‌ನಲ್ಲಿ ಬರೆಯುವುದು. ಹಗ್ಗ, ಕಲ್ಲು, ಟೇಪು ಸಾಕು, ಫಂಡಿಂಗ್ ಬೇಕಿಲ್ಲ. ಸೇಡಂ, ಚಿತ್ತಾಪುರ, ಶಹಾಬಾದ್‌ಗೆ ಜನ ಸಿಕ್ಕಿದ್ದಾರೆ. ಚಿಂಚೋಳಿ ಕಡೆ ಇನ್ನೊಬ್ಬರು ಬೇಕು. ದೀಪಾವಳಿ ರಜೆಗೆ ಊರಿಗೆ ಹೋಗುವವರು ಯಾರಾದರೂ ಇದ್ದರೆ ಹೇಳ್ರಿ, ಟೇಪು ನಾವು ಕೊಡುತ್ತೇವೆ.