ಓಕ್ ಪೀಪಾಯಿಯಲ್ಲಿ ಒಂದು ವರ್ಷ: ಷಿಕಾಗೋದ ಕಪ್ಪು ಬಿಯರಿನ ರುಚಿಯೂ ಲೆಕ್ಕಾಚಾರವೂ

ಬಿಯರ್ ಎಂದೊಡನೆ ಕಣ್ಣ ಮುಂದೆ ಬರುವುದು ಹೊಂಬಣ್ಣದ, ನೊರೆ ತುಂಬಿದ, ತಣ್ಣಗಿನ ಪಾನೀಯ. ಅಮೆರಿಕದ ಷಿಕಾಗೋ ನಗರದ ಗೂಸ್ ಐಲ್ಯಾಂಡ್ ಸಂಸ್ಥೆಯ ‘ಬರ್ಬನ್ ಕೌಂಟಿ ಸ್ಟೌಟ್’ ಹೆಸರಿಗೆ ಬಿಯರೇ ಆದರೂ ಈ ವರ್ಣನೆಗೆ ನಿಲುಕುವುದಿಲ್ಲ. ಗಾಜಿನ ಲೋಟಕ್ಕೆ ಸುರಿದಾಗ ಅದು ಯಂತ್ರದ ಎಣ್ಣೆಯಂತೆ ಕಪ್ಪಾಗಿ, ಮಂದವಾಗಿ ಇಳಿಯುತ್ತದೆ. ಮೇಲೆ ಕಟ್ಟುವ ಕಂದು ನೊರೆಯು ಕ್ಷಣಮಾತ್ರದಲ್ಲಿ ಕರಗುತ್ತದೆ. ಸಾಧಾರಣ ಬಿಯರಿನಲ್ಲಿ ಮದ್ಯಸಾರವು ಶೇ. 5ರ ಆಸುಪಾಸಿನಲ್ಲಿದ್ದರೆ ಇದರಲ್ಲಿ ಶೇ. 14ರ ಆಸುಪಾಸು. ಆದಕಾರಣ ಇದನ್ನು ಸಣ್ಣ ಲೋಟದಲ್ಲಿ, ಹಲವರು ಹಂಚಿಕೊಂಡು, ಅತಿಯಾಗಿ ತಣ್ಣಗಿಲ್ಲದಂತೆ ಗುಟುಕು ಗುಟುಕಾಗಿ ಸವಿಯುವುದು ವಾಡಿಕೆ.

ಮೂಗಿನ ಬಳಿ ಹಿಡಿದೊಡನೆ ಈ ಲೇಖಕನಿಗೆ ನೆನಪಾದದ್ದು ಆಲೆಮನೆ. ಕೊಪ್ಪರಿಗೆಯ ತಳದಲ್ಲಿ ತುಸು ಹೊತ್ತಿದ ಬೆಲ್ಲದ ಪಾಕದ ವಾಸನೆ. ಅದರ ಹಿಂದೆಯೇ ವೆನಿಲಾ, ಒಣಕೊಬ್ಬರಿ. ನಾಲಿಗೆಯ ಮೇಲೆ ಮೊದಲು ಜೋನಿಬೆಲ್ಲದ ಸಿಹಿ, ಅನಂತರ ಗಟ್ಟಿ ಡಿಕಾಕ್ಷನ್ನಿನ ಕಹಿ, ಕೊನೆಗೆ ಗಂಟಲಲ್ಲಿ ವಿಸ್ಕಿಯ ಬಿಸಿ. ಈ ಪೈಕಿ ಹುರಿದ ಬಾರ್ಲಿಯಿಂದ ಬಂದದ್ದು ಕಾಫಿಯ ಕಹಿ. ವೆನಿಲಾ ಮತ್ತು ಕೊಬ್ಬರಿಯ ಪರಿಮಳಗಳು ಬಂದದ್ದು ಮರದಿಂದ. ಓಕ್ ಹಲಗೆಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಾಗ ಮರದ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ. ಹವೆ ಬಿಸಿಯಾದಾಗ ದ್ರವವು ಹಲಗೆಯೊಳಕ್ಕೆ ಇಳಿದು, ತಂಪಾದಾಗ ಆ ಪರಿಮಳವನ್ನು ಹೊತ್ತು ಹೊರಬರುತ್ತದೆ.

ವರ್ತಕರು ಗಮನಿಸಬೇಕಾದದ್ದು ಈ ಪೀಪಾಯಿಯ ವಿಷಯವನ್ನು. ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲಿಯೇ ಇಡತಕ್ಕದ್ದೆಂದು ಅಮೆರಿಕದ ಕಾನೂನು ವಿಧಿಸುತ್ತದೆ. ಎಂದರೆ ಸುಮಾರು 200 ಲೀಟರ್ ಹಿಡಿಯುವ ಗಟ್ಟಿಮುಟ್ಟಾದ ಪೀಪಾಯಿಯೊಂದು ಒಮ್ಮೆ ಬಳಸಿದೊಡನೆ ಬರ್ಬನ್ ತಯಾರಕನಿಗೆ ನಿರುಪಯುಕ್ತ. ಒಬ್ಬರ ಈ ಹಳೆಯ ಸರಕು ಸ್ಕಾಟ್ಲೆಂಡಿಗೆ ಹೋಗುತ್ತದೆ. ನಮ್ಮ ಬೆಂಗಳೂರಿನ ಅಮೃತ್ ಸಂಸ್ಥೆಯ ಸಿಂಗಲ್ ಮಾಲ್ಟ್ ವಿಸ್ಕಿಯೂ ಇಂಥ ಪೀಪಾಯಿಗಳಲ್ಲಿ ಮಾಗುತ್ತದೆ. ಅದರಲ್ಲಿ ಬಿಯರ್ ತುಂಬಿ ನೋಡೋಣವೆಂದು ಹೊರಟವರು ಗೂಸ್ ಐಲ್ಯಾಂಡಿನ ಗ್ರೆಗ್ ಹಾಲ್. ಅವರ ತಂದೆ ಜಾನ್ ಹಾಲ್ 1988ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿದ್ದರು. ಜಿಮ್ ಬೀಮ್ ಮನೆತನದ ಬುಕರ್ ನೋ ಅವರ ಪರಿಚಯದಿಂದ ಪೀಪಾಯಿಗಳು ದೊರೆತವು. ಮೊದಲ ತಯಾರಿಕೆ ನಡೆದದ್ದು 1992ರಲ್ಲಿ ಎಂದು ಸಂಸ್ಥೆ ಹೇಳಿಕೊಂಡು ಬಂದಿದೆ. ದಾಖಲೆಗಳನ್ನು ಕೆದಕಿದವರು 1995 ಎನ್ನುತ್ತಾರೆ. ಅಮೆರಿಕದ ದೊಡ್ಡ ಬಿಯರ್ ಸ್ಪರ್ಧೆಗೆ ಕಳುಹಿಸಿದಾಗ ಇದನ್ನು ಸೇರಿಸಲು ಅಲ್ಲಿ ತಕ್ಕ ವರ್ಗವೇ ಇರಲಿಲ್ಲ.

ಲೆಕ್ಕಪುಸ್ತಕದ ಕಡೆಯಿಂದ ನೋಡಿದರೆ ಇದೊಂದು ಎದೆಗಾರಿಕೆಯ ಸರಕು. ಧಾನ್ಯವು ಸಾಧಾರಣ ಬಿಯರಿಗಿಂತ ಎರಡು ಪಟ್ಟಿಗೂ ಮಿಗಿಲಾಗಿ ಬೇಕು. ಸಾಧಾರಣ ಬಿಯರ್ ಕೆಲವೇ ವಾರಗಳಲ್ಲಿ ಮಾರಾಟವಾಗಿ ಹಣ ಕೈಸೇರುತ್ತದೆ. ಇದಾದರೋ ಹೆಚ್ಚುಕಡಮೆ ಒಂದು ವರ್ಷ ಉಗ್ರಾಣದಲ್ಲಿ ಮಲಗಿರುತ್ತದೆ. ಬಡ್ಡಿ ಏರುತ್ತಿರುತ್ತದೆ, ಸರಕು ಮಾತ್ರ ಮರದ ರಂಧ್ರಗಳಿಂದ ಆವಿಯಾಗಿ ದಿನೇ ದಿನೇ ಕಡಮೆಯಾಗುತ್ತಿರುತ್ತದೆ. 2011ರಲ್ಲಿ ಹಾಲ್ ಕುಟುಂಬವು ಸಂಸ್ಥೆಯನ್ನು ಆನ್‌ಹೈಸರ್-ಬುಷ್ ಇನ್‌ಬೆವ್ ಎಂಬ ದೈತ್ಯ ಕಂಪನಿಗೆ 3.88 ಕೋಟಿ ಡಾಲರಿನ ವ್ಯವಹಾರದಲ್ಲಿ ಮಾರಿತು. ಸಣ್ಣ ತಯಾರಕರ ವಲಯದಲ್ಲಿ ಇದಕ್ಕೆ ಬಹಳ ಆಕ್ಷೇಪ ಬಂದಿತು. ಆದರೆ ವರ್ಷಗಟ್ಟಲೆ ಮಲಗುವ ದಾಸ್ತಾನಿಗೆ ಆಳವಾದ ಜೇಬು ಬೇಕೆಂಬುದನ್ನು ಭತ್ತವನ್ನೋ ಮೆಣಸನ್ನೋ ಕೂಡಿಟ್ಟು ಅನುಭವವುಳ್ಳ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು 2015ರ ನವೆಂಬರಿನಲ್ಲಿ ಬಿಡುಗಡೆಯಾದ ಸರಕಿಗೆ. ಪ್ರತಿವರ್ಷ ಆ ತಿಂಗಳ ನಾಲ್ಕನೆಯ ಗುರುವಾರದ ಮರುದಿನದ ಮಾರಾಟಕ್ಕೆ ಗಿರಾಕಿಗಳು ಅಂಗಡಿಗಳ ಮುಂದೆ ಸಾಲುಗಟ್ಟುತ್ತಿದ್ದರು. ಆ ಬಾರಿ ಸೀಸೆಗಳನ್ನು ಒಯ್ದವರಲ್ಲಿ ಕೆಲವರು ಹುಳಿ ರುಚಿಯೆಂದು ದೂರಿದರು. ಪರೀಕ್ಷೆಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಸೂಕ್ಷ್ಮಾಣು ಕಂಡುಬಂದಿತು. ಮೊಸರಿಗೆ ಹೆಪ್ಪಾಗುವ ಜೀವಿಗಳ ದೂರದ ಬಂಧು ಅದು; ಆರೋಗ್ಯಕ್ಕೆ ಹಾನಿಯಿಲ್ಲ, ಸರಕಿಗೆ ಮಾತ್ರ ಮಾರಕ. ಇಷ್ಟು ತೀಕ್ಷ್ಣವಾದ ಮದ್ಯಸಾರದಲ್ಲಿ ಏನೂ ಬದುಕದೆಂಬ ನಂಬಿಕೆಯೇ ಇಲ್ಲಿ ಮೋಸಮಾಡಿತ್ತು. ಸಂಸ್ಥೆಯು 2016ರಲ್ಲಿ ಮೊದಲು ಎರಡು ಬಗೆಗಳಿಗೆ, ತಿಂಗಳುಗಳ ಬಳಿಕ ಮೂಲ ಸ್ಟೌಟಿನ ಕೆಲವು ಸೀಸೆಗಳಿಗೂ ಗಿರಾಕಿಗಳ ಹಣವನ್ನು ಹಿಂದಿರುಗಿಸಿತು. ಒಂದು ವರ್ಷದ ದುಡಿಮೆ ಹೀಗಾಯಿತು.

ಅದೇ ವರ್ಷದಿಂದ ಸೀಸೆಗೆ ತುಂಬುವ ಮೊದಲು ಬಿಯರನ್ನು ಕೆಲವು ಕ್ಷಣ ಕಾಯಿಸಿ ಸೂಕ್ಷ್ಮಾಣುಗಳನ್ನು ನಾಶಮಾಡುವ ಕ್ರಮ ಜಾರಿಗೆ ಬಂದಿತು. ಇದರಿಂದ ಸೀಸೆಯೊಳಗೆ ವರ್ಷಾನುಗಟ್ಟಲೆ ಮಾಗುವ ಗುಣ ಕುಂದಿತೆಂದು ಹಳೆಯ ಅಭಿಮಾನಿಗಳು ಕೊರಗುವುದುಂಟು. ಲೇಖಕನ ನಾಲಿಗೆಗೆ ಅಷ್ಟು ಸೂಕ್ಷ್ಮದ ಅಭ್ಯಾಸವಿಲ್ಲ. ಅರ್ಧ ಗಂಟೆ ಮೇಜಿನ ಮೇಲಿದ್ದು ಕೋಣೆಯ ಬಿಸಿಗೆ ಬಂದ ಕೊನೆಯ ಗುಟುಕಿನಲ್ಲಿ ಬೆಲ್ಲದ ಸಿಹಿ ಹಿಂದೆ ಸರಿದು, ಸುಟ್ಟ ಮರದ ಒಗರು ಮುಂದೆ ಬಂದಿತ್ತು.