ಬೋರ್ಡು ಉಂಟು, ಬೀಗವೂ ಉಂಟು!
ಹಳ್ಳಿ ಸೇವಾ ಸಂಸ್ಥೆಗಳಿಗೆ ಇಲ್ಲದಿರುವುದು ದುಡ್ಡೋ, ಲೆಕ್ಕವೋ?

ಯಾವ ಹೋಬಳಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಅಂಥದ್ದೊಂದು ಬೋರ್ಡು ಕಣ್ಣಿಗೆ ಬಿದ್ದೇ ಬೀಳುತ್ತದೆ. ಗ್ರಾಮೀಣ ಆರೋಗ್ಯ ಮತ್ತು ಸಮಾಜ ಸೇವಾ ಸಂಸ್ಥೆ (ರಿ). ಮಾಸಿದ ಬೋರ್ಡಿನ ಕೆಳಗೆ ತುಕ್ಕು ಹಿಡಿದ ಬೀಗ. ‘ದುಡ್ಡು ಹೊಡೆಯೋಕೆ ಮಾಡ್ಕೊಂಡ ಸಂಘ’ ಅಂತ ಮೂಗು ಮುರಿದು ಜನ ಮುಂದಕ್ಕೆ ಹೋಗುತ್ತಾರೆ.

ಲೆಟರ್ ಹೆಡ್ಡಿನ ಮೇಲಷ್ಟೇ ಬದುಕುವ ಸಂಘಗಳು ಇರುವುದು ಸುಳ್ಳಲ್ಲ. ಆದರೆ ಬೀಗ ಬಿದ್ದದ್ದೆಲ್ಲ ಕಳ್ಳ ಸಂಘವಲ್ಲ. ವಾರಕ್ಕೊಮ್ಮೆ ಬಿ.ಪಿ. ನೋಡುತ್ತಿದ್ದದ್ದು, ಕ್ಷಯ ರೋಗಿಯ ಮನೆಗೆ ಹೋಗಿ ಮಾತ್ರೆ ನುಂಗಿಸುತ್ತಿದ್ದದ್ದು, ಅಂಗವಿಕಲ ಮಗುವಿಗೆ ಕೈಕಾಲು ಆಡಿಸುವುದನ್ನು ತಾಯಿಗೆ ಕಲಿಸುತ್ತಿದ್ದದ್ದು ಇಂಥವೇ ಸಣ್ಣ ಸಂಘಗಳು. ಬೀಗ ಬಿದ್ದ ದಿನ ಕಾರ್ಯದರ್ಶಿಗೆ ಏನೂ ಆಗುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ಬಸ್ ಚಾರ್ಜಿಲ್ಲದ ಮುದುಕಿಗೆ ಆಗುತ್ತದೆ.

ಹಾಗಾದರೆ ದುಡ್ಡೇ ಇಲ್ಲವೆ? ಇದೆ ಸ್ವಾಮಿ, ಬೇಕಾದಷ್ಟಿದೆ. ಬಾಗಿಲು ತೆಗೆಯುವ ಬೀಗದ ಕೈ ಮಾತ್ರ ಹಳ್ಳಿಯವರ ಹತ್ತಿರ ಇಲ್ಲ.

ಎಷ್ಟು ಬಾಗಿಲು?

ಮೊದಲನೆಯದು ಸರ್ಕಾರ. ವೃದ್ಧರ ಮನೆ, ಅಂಗವಿಕಲರ ಪುನರ್ವಸತಿ, ಕುಡಿತ ಬಿಡಿಸುವ ಕೇಂದ್ರ, ಇವಕ್ಕೆಲ್ಲ ಕೇಂದ್ರ ಸರ್ಕಾರದ ಅನುದಾನವಿದೆ. ಅರ್ಜಿಯನ್ನು ‘ಇ-ಅನುದಾನ್’ ಮೂಲಕ ಕಂಪ್ಯೂಟರಿನಲ್ಲೇ ಹಾಕಬೇಕು. ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ, ಕ್ಷಯದಂಥ ಕೆಲಸಕ್ಕೆ ಜಿಲ್ಲಾ ಆರೋಗ್ಯ ಸಂಘದ ಕಡೆಯಿಂದ ಸ್ವಯಂಸೇವಾ ಸಂಸ್ಥೆಗಳನ್ನು ಸೇರಿಸಿಕೊಳ್ಳುವ ಏರ್ಪಾಡುಂಟು.

ಎರಡನೆಯದು ಕಂಪನಿಗಳು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿವ್ವಳ ಲಾಭ 5 ಕೋಟಿ ರೂಪಾಯಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಆಸ್ತಿ 500 ಕೋಟಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ಭಾಗವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಕಾರ್ಖಾನೆ ಇರುವ ಸುತ್ತಮುತ್ತಲಿಗೆ ಮೊದಲ ಆದ್ಯತೆ ಕೊಡಿ ಎಂದೂ ಕಾಯ್ದೆಯೇ ಹೇಳುತ್ತದೆ. ಹೀಗಿದ್ದೂ ಕೈಗಾರಿಕಾ ಪ್ರದೇಶದ ಕಾಂಪೌಂಡಿಗೆ ಅಂಟಿಕೊಂಡ ಹಳ್ಳಿಯ ಸಂಘಕ್ಕೆ ಈ ವಿಷಯವೇ ತಿಳಿದಿರುವುದಿಲ್ಲ!

ಮೂರನೆಯದು ವಿದೇಶಿ ಹಣ. ಈ ಬಾಗಿಲು ಈಗ ಬಲು ಬಿಗಿ.

ಮುಚ್ಚಿಹೋದ ಕಿರುಬಾಗಿಲು

ಚಿಕ್ಕವರಿಗೆ ಚಿಕ್ಕ ಮೊತ್ತ ಕೊಡುವವರು ಒಂದು ಕಾಲದಲ್ಲಿ ಇದ್ದರು. ದುರ್ಗಾಬಾಯಿ ದೇಶಮುಖ್ ಅವರ ಮುಂದಾಳತ್ವದಲ್ಲಿ 1953ರಲ್ಲಿ ಆರಂಭವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಮಹಿಳಾ ಸಂಘಗಳಿಗೆ ಕೈಹಿಡಿಯುವ ತಾಯಿಯಂತಿತ್ತು. 1986ರಲ್ಲಿ ಬಂದ ‘ಕಪಾರ್ಟ್’ ಹಳ್ಳಿ ಸಂಸ್ಥೆಗಳಿಗೆಂದೇ ಹುಟ್ಟಿದ್ದು. ಎರಡೂ ಈಗಿಲ್ಲ.

2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಅದಕ್ಕೆ ಮೊದಲು ದೊಡ್ಡ ಸಂಸ್ಥೆಯೊಂದು ಹಣ ತರಿಸಿ, ನೋಂದಣಿಯಿದ್ದ ಸಣ್ಣ ಸಂಸ್ಥೆಗಳಿಗೆ ಹಂಚಬಹುದಾಗಿತ್ತು. ತಿದ್ದುಪಡಿ ಆ ಹಂಚಿಕೆಯನ್ನೇ ನಿಷೇಧಿಸಿತು. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕು. ಆಡಳಿತ ಖರ್ಚಿನ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ದುರುಪಯೋಗ ತಡೆಯಲು ಎಂದಿತು ಸರ್ಕಾರ. ಇರಬಹುದು. ಆದರೆ ಆಡಳಿತ ಖರ್ಚಿನೊಳಗೇ ಬರುವುದು ಲೆಕ್ಕ ಬರೆಯುವ ಗುಮಾಸ್ತನ ಸಂಬಳ. ಲೆಕ್ಕ ಸರಿಯಾಗಿಡಿ ಎನ್ನುವುದೂ ಅದೇ ಕಾಯ್ದೆ!

ಮೂರು ವರ್ಷದ ಗಂಡಾಂತರ

ನಿಜವಾದ ತೊಡಕು ಇರುವುದು ಇಲ್ಲಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಕಟ್ಟುವುದು ಸುಲಭ, ನಡೆಸುವುದೇ ಕಷ್ಟ. ಕಂಪನಿ ದುಡ್ಡು ಬೇಕಾದರೆ ಅಂಥದ್ದೇ ಕೆಲಸವನ್ನು ಮೂರು ವರ್ಷ ಮಾಡಿ ತೋರಿಸಿರಬೇಕು. ಜತೆಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಬೇಕು. 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ನಂಬರು ಬದಲಾಗಿದ್ದರೂ ಜನರ ಬಾಯಲ್ಲಿ ಹಳೆ ಹೆಸರೇ ನಿಂತಿದೆ. 2021ರಿಂದ ಈ ನೋಂದಣಿ ಶಾಶ್ವತವಲ್ಲ, ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಅದೇ ವರ್ಷದಿಂದ ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಸಿಎಸ್ಆರ್-1 ನಮೂನೆ ಸಲ್ಲಿಸುವುದೂ ಕಡ್ಡಾಯ. ಸರ್ಕಾರಿ ಅನುದಾನಕ್ಕೆ ನೀತಿ ಆಯೋಗದ ‘ದರ್ಪಣ್’ ಸಂಖ್ಯೆ ಬೇರೆ. ವಿದೇಶಿ ದೇಣಿಗೆ ನೋಂದಣಿಗೂ ಮೂರು ವರ್ಷದ ಅಸ್ತಿತ್ವ ಮತ್ತು ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿದ ದಾಖಲೆ ಬೇಕು.

ಅಂದರೆ ಕೆಲಸ ಮಾಡಲು ದುಡ್ಡು ಬೇಕು. ದುಡ್ಡು ಸಿಗಲು ಕೆಲಸ ಮಾಡಿರಬೇಕು. ಹುಚ್ಚು ಬಿಡದೆ ಮದುವೆ ಆಗೋಲ್ಲ, ಮದುವೆ ಆಗದೆ ಹುಚ್ಚು ಬಿಡೋಲ್ಲ! ಬಹಳಷ್ಟು ಸಂಘಗಳು ಈ ಮೂರು ವರ್ಷದ ಹೊಳೆಯಲ್ಲೇ ಮುಳುಗುತ್ತವೆ.

ದಾಟಿದವರು ಹೇಗೆ ದಾಟಿದರು?

ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆಯನ್ನು ರಾಜ್ಯ ಸರ್ಕಾರ 1996ರಲ್ಲಿ ಕರುಣಾ ಟ್ರಸ್ಟಿಗೆ ಕೊಟ್ಟಿತು. ಆಗಿನ್ನೂ ಚಾಮರಾಜನಗರ ಜಿಲ್ಲೆಯೇ ಆಗಿರಲಿಲ್ಲ. ಟ್ರಸ್ಟ್ ಹುಟ್ಟಿದ್ದು 1986ರಲ್ಲಿ, ಯಳಂದೂರಿನ ಕುಷ್ಠರೋಗಿಗಳ ಸೇವೆಗಾಗಿ. ಹತ್ತು ವರ್ಷ ದುಡಿದು ತೋರಿಸಿದ ಮೇಲೆ ಸರ್ಕಾರ ನಂಬಿತು. ಅದರ ಸ್ಥಾಪಕ ಡಾ. ಎಚ್. ಸುದರ್ಶನ್ ಅವರು 1981ರಿಂದಲೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಇದ್ದವರು.

ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆ ಕಾಡಂಚಿನ ಹಾಡಿಗಳಲ್ಲಿ ಕೆಲಸ ಮಾಡಿ ಬೆಳೆಯಿತು. ಇವತ್ತು ಸರಗೂರಿನಲ್ಲಿ ಅದರ ಆಸ್ಪತ್ರೆಯೇ ಇದೆ.

ಇನ್ನೊಂದು ಉದಾಹರಣೆ ಮೈರಾಡದ್ದು. 1987ರಲ್ಲಿ ನಬಾರ್ಡ್ ಆ ಸಂಸ್ಥೆಗೆ 10 ಲಕ್ಷ ರೂಪಾಯಿ ಕೊಟ್ಟಿತು. ಕಟ್ಟಡಕ್ಕಲ್ಲ, ಜೀಪಿಗಲ್ಲ. ಹಳ್ಳಿ ಉಳಿತಾಯ ಗುಂಪುಗಳಿಗೆ ತರಬೇತಿ ಮತ್ತು ಬಂಡವಾಳಕ್ಕೆ. ಆ ಅನುಭವದ ಬಲದಿಂದಲೇ 1992ರಲ್ಲಿ ದೇಶದಾದ್ಯಂತ ಸ್ವಸಹಾಯ ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ಹೊರಟಿತು. ಇವತ್ತು ಊರೂರಲ್ಲಿ ‘ಸಂಘದ ದುಡ್ಡು’ ಅಂತ ಹೆಣ್ಣುಮಕ್ಕಳು ಪಾಸ್‌ಬುಕ್ ಹಿಡಿದು ಹೊರಡುತ್ತಾರಲ್ಲ, ಅದರ ಹಿಂದೆ ಇಂಥದ್ದೊಂದು ತರಬೇತಿಯ ದುಡ್ಡಿದೆ.

ತರಬೇತಿ ಎಲ್ಲಿ? ಯಾವುದು?

ಸಮುದಾಯ ಆರೋಗ್ಯ ಕಲಿಯಬೇಕೆಂಬ ಯುವಕರಿಗೆ ಬೆಂಗಳೂರಿನ ‘ಸೋಚಾರ’ ವರ್ಷಗಳಿಂದ ದಾರಿ ತೋರಿಸಿದೆ. ಸಂಸ್ಥೆ ನಡೆಸುವ ವಿದ್ಯೆಗೆ ಯೂತ್ ಮೂವ್‌ಮೆಂಟಿನದೇ ನಾಯಕತ್ವ ತರಬೇತಿ ಕೇಂದ್ರ ಮೈಸೂರಿನಲ್ಲಿದೆ. ಆದರೆ ಹಳ್ಳಿ ಸಂಘಕ್ಕೆ ಮೊದಲು ಬೇಕಾದ್ದು ದೊಡ್ಡ ವಿದ್ಯೆಯಲ್ಲ. ನಗದು ಪುಸ್ತಕ ಅವತ್ತಿನದು ಅವತ್ತೇ ಬರೆಯುವುದು, ಪ್ರತಿ ಖರ್ಚಿಗೆ ವೋಚರು, ಸಭೆಯ ನಡಾವಳಿ ಪುಸ್ತಕ, ವರ್ಷಕ್ಕೊಮ್ಮೆ ಆಡಿಟ್, ಸಂಘಗಳ ನೋಂದಣಾಧಿಕಾರಿಗೆ ಪಟ್ಟಿ ಸಲ್ಲಿಸುವುದು, ಅನುದಾನ ಮುಗಿದ ಮೇಲೆ ಬಳಕೆ ಪ್ರಮಾಣಪತ್ರ ಕೊಡುವುದು, ಇಷ್ಟೇ. ಇಷ್ಟು ಗೊತ್ತಿಲ್ಲದೆ ಎರಡನೇ ಕಂತು ನಿಲ್ಲುತ್ತದೆ. ಕಂತು ನಿಂತರೆ ನರ್ಸಮ್ಮ ಕೆಲಸ ಬಿಡುತ್ತಾರೆ. ಆಮೇಲೆ ಬೀಗ.

ಈ ಅಜ್ಞಾನದ ಮೇಲೆ ದಲ್ಲಾಳಿಗಳೂ ಬದುಕುತ್ತಾರೆ. ‘ಗ್ರಾಂಟು ಮಾಡಿಸಿಕೊಡ್ತೀನಿ, ಮೊದಲು ಇಷ್ಟು ತನ್ನಿ’ ಅಂತ ಬಂದವರನ್ನು ಬಾಗಿಲಲ್ಲೇ ವಾಪಸು ಕಳಿಸಬೇಕು. ಮಂಜೂರಾತಿಗೆ ಮುಂಗಡ ಕಮಿಷನ್ ಎಂಬ ನಿಯಮ ಯಾವ ಇಲಾಖೆಯಲ್ಲೂ ಇಲ್ಲ.

ಅಂಗಡಿಯವರೇ, ಕೇಳಿ

ಮೊದಲ ಮೂರು ವರ್ಷ ದಾಟಿಸಬಲ್ಲವರು ಊರಿನವರು ಮಾತ್ರ. ಅದರಲ್ಲೂ ಅಂಗಡಿ ಸಾಹುಕಾರರು. ದಿನಾ ರಾತ್ರಿ ಗಲ್ಲಾ ಎಣಿಸಿ ಕಿರ್ದಿಗೆ ತಾಳೆ ನೋಡುವ ಅಭ್ಯಾಸ ಅವರಿಗಿರುವಷ್ಟು ಯಾವ ಸಮಾಜ ಸೇವಕನಿಗೂ ಇಲ್ಲ. ಅಂಥವರೊಬ್ಬರು ಖಜಾಂಚಿಯಾಗಿ ತಿಂಗಳಿಗೆ ಎರಡು ಸಂಜೆ ಕೊಟ್ಟರೆ ಸಾಕು, ಸಂಘದ ಲೆಕ್ಕ ನೆಟ್ಟಗಾಗುತ್ತದೆ.

ದೇಣಿಗೆ ಕೊಡುವವರು ರಸೀದಿ ಕೇಳಿ ಪಡೆಯಲಿ. ಅದು ಅನುಮಾನವಲ್ಲ, ಉಪಕಾರ. 80ಜಿ ಇರುವ ಸಂಸ್ಥೆಗೆ ಕೊಟ್ಟರೆ ಹಳೆ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ರಿಯಾಯಿತಿಯೂ ಉಂಟು. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಮಾತ್ರ ಆ ರಿಯಾಯಿತಿ ಇಲ್ಲ. ಚೆಕ್ಕಿನಲ್ಲೋ ಫೋನಿನಲ್ಲೋ ಕೊಟ್ಟರೆ ಸಂಘಕ್ಕೂ ದಾಖಲೆ, ಕೊಟ್ಟವರಿಗೂ ದಾಖಲೆ.

ಜಿಲ್ಲಾ ಪಂಚಾಯಿತಿಯವರು ವರ್ಷಕ್ಕೊಂದು ದಿನ ಆಡಿಟರು, ಆರೋಗ್ಯಾಧಿಕಾರಿ, ಕಾರ್ಖಾನೆಯವರು, ಸಂಘದವರು, ಇಷ್ಟೂ ಜನರನ್ನು ಒಂದೇ ಸಭಾಂಗಣದಲ್ಲಿ ಕೂರಿಸಲಿ. ಶಾಮಿಯಾನ ಬೇಡ, ಹಾರ ಬೇಡ, ಎರಡು ಮೇಜು ಮತ್ತು ಒಂದಷ್ಟು ನಮೂನೆ ಸಾಕು. ಸಂಬಂಧಪಟ್ಟವರು ಮನಸ್ಸು ಮಾಡಿಯಾರೆ?